ಎರಡನೆಯ ಟೈರಿನ ಗಾಳಿ

ಜೋಳದ ಕಟಾವು ಶುರುವಾಗಿ ವಾರ ಕಳೆದಿತ್ತು. ಬಿಸಿಲೇರುವ ಮೊದಲೇ ತೆನೆ ತುಂಬಿದ ಟ್ರೇಲರುಗಳು ಹೊಲದ ದಾರಿಯಿಂದ ಹೆದ್ದಾರಿಗೆ ಹತ್ತುತ್ತಿದ್ದವು. ಮೇಲೆ ಹೊರಲಾರದ ಭಾರ, ಕೆಳಗೆ ಕಾದ ಡಾಂಬರು. ತಿರುವಿಗೆ ಬರುವಷ್ಟರಲ್ಲಿ ಒಂದಲ್ಲ ಒಂದು ಟೈರು ಉಸಿರು ಬಿಡುತ್ತಿತ್ತು. ತಿರುವಿನಲ್ಲೇ ಟೈರಿನ ಅಂಗಡಿ. ಅಂಗಡಿಯ ಹಿಂದೆ ಮನೆ. ನಡುವೆ ಅಂಗಳ, ಅಂಗಳಕ್ಕೊಂದು ಕಬ್ಬಿಣದ ಗೇಟು.

ಮನೆಯ ದೊಡ್ಡ ಮಗಳು ಟ್ರೇಲರಿನ ಟೈರಿನ ಒಂದು ಮಗ್ಗುಲಿಗೆ ಮಂಡಿಯೂರಿದ್ದಳು, ಇನ್ನೊಂದು ಮಗ್ಗುಲಿಗೆ ಅಪ್ಪ. ಇಬ್ಬರ ಕೈಯಲ್ಲೂ ಟೈರು ಮೀಟುವ ಲಿವರು. ಅಪ್ಪ ಒತ್ತಿದಾಗ ಅವಳು ಎತ್ತಬೇಕು, ಅವಳು ಒತ್ತಿದಾಗ ಅಪ್ಪ. ಅದಕ್ಕೆ ಮಾತು ಬೇಕಿರಲಿಲ್ಲ. ಅಪ್ಪ ಮೂಗಿನಲ್ಲಿ ಉಸಿರೆಳೆದುಕೊಂಡ ಸದ್ದಿನಿಂದಲೇ ಈಗ ಒತ್ತುತ್ತಾನೆ ಎಂದು ಅವಳಿಗೆ ತಿಳಿಯುತ್ತಿತ್ತು.

ಮನೆಯಲ್ಲಿ ಅವಳನ್ನು ದೊಡ್ಡವಳು ಎನ್ನುತ್ತಿದ್ದರು, ತಂಗಿಯನ್ನು ಚಿಕ್ಕವಳು. ಚಿಕ್ಕವಳು ಅಡುಗೆಮನೆಗೆ, ದೊಡ್ಡವಳು ಅಂಗಡಿಗೆ ಎಂದು ಯಾರೂ ಕೂತು ಹಂಚಿರಲಿಲ್ಲ. ಅದು ಹಾಗೇ ಆಗಿಹೋಗಿತ್ತು. ಎರಡು ಸಲ ಅವಳ ಮದುವೆಯ ಮಾತು ಬಂದು, ಬಂದವರು ಅವಳ ಉಗುರಿನ ಸಂದಿಯ ಕಪ್ಪು ನೋಡಿ, ಚಹಾ ಕುಡಿದು ಹೋಗಿದ್ದರು. ಅವಳಿಗೆ ಅದರ ಕೊರಗಿರಲಿಲ್ಲ. ಅಪ್ಪನ ನಂತರ ಅಂಗಡಿ ತನ್ನದು ಎಂಬುದು ಅವಳ ಪಾಲಿಗೆ ಬಾಯಿಬಿಟ್ಟು ಕೇಳಬೇಕಾದ ಸಂಗತಿಯೇ ಆಗಿರಲಿಲ್ಲ.

ಅಂಗಡಿಗೆ ಅಪ್ಪ ಮಾಡಿಟ್ಟ ಒಂದು ಕಟ್ಟಳೆಯಿತ್ತು. ಗಾಳಿ ಇಳಿದ ಗಾಡಿ ನಮ್ಮ ಗೇಟು ದಾಟಬಾರದು. ಬೆಳಿಗ್ಗೆ ಗೇಟು ತೆಗೆಯುವವರು ಅಂಗಳದಲ್ಲಿ ನಿಂತ ಗಾಡಿಗಳನ್ನೆಲ್ಲ ಒಂದು ಸುತ್ತು ಹಾಕಿ, ಟೈರು ಮುಟ್ಟಿ ನೋಡಿ, ಕಡಿಮೆಯಿದ್ದರೆ ತುಂಬಬೇಕು, ಆಮೇಲೆ ಗೇಟು. ಗೇಟು ತೆಗೆಯುವವಳು ದೊಡ್ಡವಳೇ. ಗಾಳಿ ಅಳೆಯುವ ಹಿತ್ತಾಳೆಯ ಗೇಜು ಮಾತ್ರ ಅಪ್ಪನ ಅಂಗಿಯ ಜೇಬಿನಲ್ಲಿ. ಸ್ನಾನಕ್ಕೆ ಹೋಗುವಾಗ ಅದನ್ನು ದಿಂಬಿನ ಕೆಳಗಿಡುತ್ತಿದ್ದ. ದೊಡ್ಡವಳಿಗೆ ಅಂಗಡಿಯ ಪ್ಲಾಸ್ಟಿಕ್ ಗೇಜೇ ಸಾಕಾಗುತ್ತಿತ್ತು. ಅದೂ ಇಲ್ಲದೆ, ಮೆದುಗೊಳವೆಯ ಸದ್ದಿನ ಮೇಲೆಯೇ ಅವಳು ಕಾರಿನ ಟೈರನ್ನು ರಸ್ತೆಗೆ ಬೇಕಾದ ಮೂವತ್ತೆರಡು ಪೌಂಡಿಗೆ ತಂದು ನಿಲ್ಲಿಸಬಲ್ಲಳು.

ಚಿಕ್ಕವಳ ಗಂಡ ಮದುವೆಯಾಗಿ ಇದೇ ಮನೆಗೆ ಬಂದು ಸೇರಿ ವರ್ಷವಾಗಿತ್ತು. ಕೋಳಿ ಫಾರ್ಮಿನಿಂದ ಮೊಟ್ಟೆ ತುಂಬಿಕೊಂಡು ಪೇಟೆಯ ಅಂಗಡಿಗಳಿಗೆ ಹಾಕಿ ಬರುವುದು ಅವನ ಕೆಲಸ. ಅದಕ್ಕೆ ಒಂದು ಉದ್ದ ಮೂತಿಯ ಹಳೇ ಕಾರು. ಹಿಂದಿನ ಸೀಟು ಕಿತ್ತು ಟ್ರೇ ಜೋಡಿಸಿಕೊಂಡಿದ್ದ. ದಾರಿಯಲ್ಲಿ ಬಿರುಕು ಬಿಟ್ಟ ಮೊಟ್ಟೆ ಮನೆಗೆ ಬರುತ್ತಿತ್ತು. ಅಮ್ಮ ಅವನ್ನು ಬೇಯಿಸಿ, ಕರಿದು, ಕಲಸಿ, ಏನೇನೋ ಮಾಡಿ ಬಡಿಸುತ್ತಿದ್ದಳು. ತಟ್ಟೆಯಲ್ಲಿ ಎರಡೆರಡು ಮೊಟ್ಟೆ ಬಿದ್ದ ದಿನ ಅಳಿಯ ಅವಸರದಲ್ಲಿ ಓಡಿಸಿದ್ದಾನೆಂದು ಮನೆಮಂದಿಗೆಲ್ಲ ಗೊತ್ತಾಗುತ್ತಿತ್ತು.

ಅದೇ ಕಾರು ಭಾನುವಾರ ಬೇರೆ ಅವತಾರ ಎತ್ತುತ್ತಿತ್ತು. ಕಾಲುವೆಯಾಚೆ ಬಳಕೆ ತಪ್ಪಿದ ಒಂದು ವಿಮಾನದ ಓಡುಪಟ್ಟಿ. ಅಲ್ಲಿ ಎರಡೆರಡು ಕಾರು ಅಕ್ಕಪಕ್ಕ ನಿಂತು, ಹಸಿರು ದೀಪ ಬಿದ್ದೊಡನೆ ನೇರಕ್ಕೆ ಓಡುತ್ತಿದ್ದವು. ತಿರುವಿಲ್ಲ, ಸುತ್ತಿಲ್ಲ, ನೋಡುವವರು ಬಿಗಿಹಿಡಿದ ಉಸಿರು ಬಿಡುವುದರೊಳಗೆ ಮುಗಿಯುತ್ತಿತ್ತು. ಡ್ರ್ಯಾಗ್ ರೇಸು ಎಂದು ಅಳಿಯ ಹೇಳಿದಾಗ ಅಮ್ಮ, ಇಷ್ಟು ಬೇಗ ಮುಗಿಯೋದಕ್ಕೆ ಕಾಲುವೆ ದಾಟಿ ಯಾಕೆ ಹೋಗಬೇಕು ಎಂದು ಕೇಳಿದ್ದಳು.

ಆ ಭಾನುವಾರ ರಾತ್ರಿ ಊಟದ ಹೊತ್ತಿಗೆ ಅಳಿಯ ಮುಖ ಸಣ್ಣ ಮಾಡಿಕೊಂಡು ಕೂತಿದ್ದ. ಮತ್ತೆ ಸೋತಿದ್ದ.

“ಎಂಜಿನ್ನಿಗೆ ದಮ್ಮಿದೆ ಮಾವ. ದೀಪ ಬೀಳ್ತಿದ್ದ ಹಾಗೆ ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತೆ. ಅಷ್ಟರಲ್ಲಿ ಪಕ್ಕದವನು ಹೋಗೇಬಿಟ್ಟಿರ್ತಾನೆ.”

“ಅದು ಟೈರಿನ ತಪ್ಪು,” ಎಂದ ಅಪ್ಪ.

ಅಷ್ಟು ಹೇಳಿ ಅಪ್ಪ ಊಟ ಮುಂದುವರಿಸುತ್ತಾನೆ ಎಂದುಕೊಂಡಿದ್ದಳು ದೊಡ್ಡವಳು. ಊಟದ ಹೊತ್ತಿನಲ್ಲಿ ಅಂಗಡಿಯ ಮಾತೆತ್ತಿದರೆ ಸಿಡುಕುವವನು ಅವನು. ಆದರೆ ಅಪ್ಪ ಬೇಯಿಸಿದ ಮೊಟ್ಟೆಯೊಂದನ್ನು ತಟ್ಟೆಯ ನಡುವೆ ನಿಲ್ಲಿಸಿದ. ಗಟ್ಟಿ ಟೈರು ನೆಲವನ್ನು ಮುಟ್ಟುವುದು ಇಷ್ಟೇ ಎಂದು ತೋರಿಸಿದ. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಮೊಟ್ಟೆ ಅಗಲವಾಗಿ ಕೂತಿತು.

“ಗಾಳಿ ಇಳಿಸಿದ್ರೆ, ರಬ್ಬರು ಮೆತ್ತಗಿದ್ರೆ, ಹೀಗೆ ಕೂರುತ್ತೆ. ನೆಲ ಹಿಡ್ಕೊಳ್ಳುತ್ತೆ. ನೋಡಿದ್ಯಾ?”

ಅಳಿಯ ತಲೆ ಬಗ್ಗಿಸಿ ನೋಡಿದ. ಇಬ್ಬರ ತಲೆಯೂ ಒಂದೇ ತಟ್ಟೆಯ ಮೇಲೆ.

“ತಿನ್ನೋದನ್ನ ಟೈರು ಮಾಡ್ಬೇಡಿ,” ಎಂದಳು ಅಮ್ಮ.

ದೊಡ್ಡವಳು ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟಳು. ಇಷ್ಟು ವರ್ಷದಲ್ಲಿ ಅಪ್ಪ ಅವಳಿಗೆ ಯಾವುದನ್ನೂ ಹೀಗೆ ಕೂರಿಸಿಕೊಂಡು ಹೇಳಿಕೊಟ್ಟವನಲ್ಲ. ಅವಳು ನೋಡಿ ಕಲಿತಿದ್ದಳು, ಬೈಸಿಕೊಂಡು ಕಲಿತಿದ್ದಳು.

ಅಲ್ಲಿಂದ ಮುಂದೆ ಮನೆಯಲ್ಲಿ ಬೇರೆ ಮಾತೇ ಇಲ್ಲವಾಯಿತು. ಈಗಿರುವ ಗಟ್ಟಿ ಟೈರು ರಸ್ತೆಗೆ ಬಾಳಿಕೆ, ಪಟ್ಟಿಯಲ್ಲಿ ಕೆಲಸಕ್ಕೆ ಬಾರದು. ಗೀರೇ ಇಲ್ಲದ ಬೋಳು ಟೈರು ಪಟ್ಟಿಯಲ್ಲಿ ಅಂಟಿನಂತೆ ಹಿಡಿಯುತ್ತದೆ, ಆದರೆ ಅದನ್ನು ಹಾಕಿಕೊಂಡು ರಸ್ತೆಗಿಳಿದರೆ ಪೊಲೀಸರು ಹಿಡಿಯುತ್ತಾರೆ. ಪಕ್ಕೆ ಸುಕ್ಕಾಗುವ ಇನ್ನೊಂದು ಜಾತಿಯಿದೆ. ಅದು ರಸ್ತೆಯಲ್ಲಿ ಓಲಾಡುತ್ತದೆ, ಮೊಟ್ಟೆ ಉಳಿಯುವುದಿಲ್ಲ. ಇವೆಲ್ಲದರ ನಡುವಿನದು ಒಂದು: ಮೆತ್ತನೆ ರಬ್ಬರಿನ ರೇಡಿಯಲ್ ಟೈರು, ಮೇಲೆ ಕಾನೂನಿಗೆ ತಕ್ಕಷ್ಟು ಗೀರು. ವಾರವಿಡೀ ಅದರ ಮೇಲೇ ಮೊಟ್ಟೆ ಸಾಗಿಸಬಹುದು, ಭಾನುವಾರ ಗಾಳಿ ಇಳಿಸಿ ಓಡಬಹುದು. ಬೇಗ ಸವೆಯುತ್ತದೆ, ಮಳೆಯಲ್ಲಿ ಜಾರುತ್ತದೆ, ಅಷ್ಟೇ. ಅಪ್ಪ ಇದನ್ನೆಲ್ಲ ಹೇಳುತ್ತ ಹೋದಂತೆ ಅಳಿಯ ಹೂಂಗುಟ್ಟುತ್ತ ಚಹಾ ಆರಿಸಿಕೊಳ್ಳುತ್ತಿದ್ದ. ಚಿಕ್ಕವಳು ಪಾತ್ರೆ ತೊಳೆಯುತ್ತ ಅಕ್ಕನ ಹತ್ತಿರ ಗೊಣಗಿದಳು, ನನ್ನ ಮುಖಕ್ಕಿಂತ ಫೋನಿನಲ್ಲಿ ಆ ಟೈರಿನ ಚಿತ್ರವನ್ನೇ ಹೆಚ್ಚು ಹೊತ್ತು ನೋಡುತ್ತಾರೆ ಎಂದು. ಅವಳಿಗೆ ಗಂಡನ ಮೇಲೆ ಸಿಟ್ಟು. ದೊಡ್ಡವಳಿಗೆ ಯಾರ ಮೇಲೆಂದು ಹೇಳಿಕೊಳ್ಳುವಂತಿರಲಿಲ್ಲ.

ಮೂರು ದಿನ ಬಾಯಿ ಬಿಗಿಹಿಡಿದಿದ್ದು, ಕೊನೆಗೆ ಅವಳೂ ಒಂದು ಮಾತು ಹಾಕಿದಳು.

“ಎರಡು ಜೊತೆ ಇಟ್ಕೊಳ್ಳೋದು ಒಳ್ಳೇದಪ್ಪ. ರಸ್ತೆಗೆ ಗಟ್ಟೀದು. ಬೋಳು ಟೈರನ್ನ ಬೇರೆ ರಿಮ್ಮಿಗೆ ಕೂರಿಸಿ ಕಾರಲ್ಲೇ ಒಯ್ಯೋದು, ಅಲ್ಲೇ ಬದಲಾಯಿಸೋದು.”

“ಬದಲಾಯಿಸೋರು ಯಾರು?”

“ನಾನು ಬರ್ತೀನಿ.”

ಅಪ್ಪ ನಕ್ಕ. “ವಾರವಿಡೀ ಇಲ್ಲಿ ಬಗ್ತೀಯ. ಭಾನುವಾರವೂ ಬಿಸಿಲಲ್ಲಿ ಕೂತು ಚಕ್ರ ಬಿಚ್ತೀಯಾ? ನಿನಗ್ಯಾಕೆ ಆ ತಾಪತ್ರಯ. ಒಂದೇ ಜೊತೆ ಸಾಕು.”

ಪ್ರೀತಿಯಿಂದಲೇ ಹೇಳಿದ್ದ. ಅವಳಿಗೆ ಮಾತ್ರ, ನೀನು ಬೇಡ ಎಂದಂತೆ ಕೇಳಿಸಿತು. ಎರಡು ಜೊತೆ ಒಳ್ಳೆಯದು ಎಂದದ್ದು ಟೈರಿನ ಸಲುವಾಗಿಯೋ, ತಾನೂ ಹೋಗಬೇಕೆಂಬ ಸಲುವಾಗಿಯೋ, ಅವಳನ್ನು ಕೇಳಿದ್ದರೆ ಅವಳೂ ತಡವರಿಸುತ್ತಿದ್ದಳು.

ಮರುದಿನ ಮಾವ ಅಳಿಯ ಇಬ್ಬರೂ ನಗರದ ಟೈರಿನ ಮಳಿಗೆಗೆ ಹೊರಟರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಕಟಾವಿನ ಕಾಲದಲ್ಲಿ ಅವನು ಅಂಗಡಿ ಬಿಟ್ಟು ಹೋದದ್ದು ಅದೇ ಮೊದಲು. ದೊಡ್ಡವಳು ಅಂದು ನಾಲ್ಕು ಟ್ರೇಲರು ಒಬ್ಬಳೇ ನೋಡಿಕೊಂಡಳು. ಎರಡು ಲಿವರನ್ನೂ ಒಬ್ಬರೇ ಹಿಡಿಯಲಾಗುವುದಿಲ್ಲ. ಒಂದನ್ನು ಮಂಡಿಯ ಕೆಳಗೆ ಒತ್ತಿಟ್ಟುಕೊಂಡು ಇನ್ನೊಂದನ್ನು ಎತ್ತಿದಳು. ಸಂಜೆಗೆ ಮಂಡಿ ನೀಲಿಗಟ್ಟಿತ್ತು.

ಕಾರಿನ ನೆತ್ತಿಗೆ ಎರಡು ಹೊಸ ಟೈರು ಕಟ್ಟಿಕೊಂಡು ಅವರು ನಗುನಗುತ್ತ ಬಂದರು. ದಾರಿಯಲ್ಲಿ ತಿಂದದ್ದರ ಮಾತು, ಮಳಿಗೆಯವನ ಬೂಟಾಟಿಕೆಯ ಮಾತು. ಚಿಕ್ಕವಳು ಗಂಡನಿಂದ ಕೇಳಿದ್ದನ್ನು ಅಕ್ಕನ ಕಿವಿಗೆ ಹಾಕಿದಳು.

“ಅಪ್ಪ ಮಳಿಗೆಯವರ ಹತ್ರ ಹೇಳಿದ್ರಂತೆ, ಕಟಾವು ಮುಗಿದ ಮೇಲೆ ಅಂಗಡೀನ ಇವನೇ ನೋಡ್ಕೋತಾನೆ, ಇವನ ಮುಖ ನೆನಪಿಟ್ಕೊಳ್ಳಿ ಅಂತ. ಸದ್ಯ, ಆ ಮೊಟ್ಟೆ ವಾಸನೆ ತಪ್ಪುತ್ತೆ.”

“ಒಳ್ಳೇದಾಯ್ತು ಬಿಡು,” ಎಂದಳು ದೊಡ್ಡವಳು, ಒಣಗಿದ ಬಟ್ಟೆ ಮಡಿಸುತ್ತ. ಅಪ್ಪನ ಅಂಗಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಹೊಸ ಟೈರು ರಿಮ್ಮಿಗೆ ಕೂರಿಸಿದವಳು ಅವಳೇ. ಬೇರೆ ಯಾರು ಕೂರಿಸುತ್ತಾರೆ? ಅಳಿಯ ಪಕ್ಕದಲ್ಲಿ ನಿಂತು ಸೋಪಿನ ನೀರು ಕೊಟ್ಟ, ಒರಸುವ ಬಟ್ಟೆ ಕೊಟ್ಟ, ನಿಮ್ಮ ಕೈ ಬಿದ್ದರೆ ನನಗೆ ಧೈರ್ಯ ಅಕ್ಕ ಎಂದ. ಬೆಣ್ಣೆ ಹಚ್ಚುತ್ತಿದ್ದಾನೆ ಎಂದುಕೊಂಡಳು. ಅವನ ಮುಖದಲ್ಲಿ ಬೆಣ್ಣೆಯೇನೂ ಕಾಣಲಿಲ್ಲ, ಅದು ಅವಳನ್ನು ಇನ್ನಷ್ಟು ಕೆರಳಿಸಿತು.

ಆ ವಾರದ ಸಣ್ಣ ರೇಸಿನಲ್ಲಿ ಅಳಿಯ ಗೆದ್ದ. ಟೈರು ತಣ್ಣಗಿರುವಾಗಲೇ ಅಳತೆ ಸರಿಯಾಗಿ ಸಿಗುವುದು ಎಂದು ಅಪ್ಪ ಶನಿವಾರ ಸಂಜೆಯೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಹಿತ್ತಾಳೆಯ ಗೇಜು ತೆಗೆದು, ಹಿಂದಿನ ಎರಡೂ ಟೈರಿನ ಗಾಳಿಯನ್ನು ಹದಿನೆಂಟಕ್ಕೆ ಇಳಿಸಿದ್ದ. ಓಡುಪಟ್ಟಿ ಹತ್ತಿರದಲ್ಲೇ ಇದ್ದುದರಿಂದ ಅಷ್ಟರಲ್ಲೇ ನಿಧಾನವಾಗಿ ಹೋಗಬಹುದಿತ್ತು. ಅಂದು ದೊಡ್ಡವಳಿಗೆ ಜ್ವರ. ಗೇಟು ತೆಗೆದವನೂ ಅಪ್ಪನೇ. ಅಲ್ಲಿ ಹೋದ ಮೇಲೆ ಅಳಿಯ ಮತ್ತೆ ಅಳೆಯಲಿಲ್ಲ. ಮಾವ ಇಟ್ಟ ಗಾಳಿಗೆ ಇನ್ನೊಂದು ಗೇಜು ಹಿಡಿಯುವುದೆಂದರೆ ಮಾವನ ಕೈಯನ್ನೇ ಅನುಮಾನಿಸಿದಂತೆ ಎಂದು ಅವನ ಎಣಿಕೆ.

ಗೆದ್ದು ಬಂದ ದಿನ ಅಪ್ಪ ಎರಡು ಸಲ ಬಡಿಸಿಕೊಂಡ. ಮುಂದಿನ ಭಾನುವಾರ ದೊಡ್ಡ ರೇಸು, ನಾನೂ ಬರುತ್ತೇನೆ ಎಂದ. ದೊಡ್ಡವಳ ಜ್ವರ ಹೇಗಿದೆ ಎಂದು ಕೇಳಿದವಳು ಅಮ್ಮ ಒಬ್ಬಳೇ.

ದೊಡ್ಡ ರೇಸಿನ ಹಿಂದಿನ ಸಂಜೆ ಅಪ್ಪ ಮತ್ತೆ ಗಾಳಿ ಇಳಿಸಿದ. ಅಳಿಯ ಪಕ್ಕದಲ್ಲಿ ನಿಂತಿದ್ದ. ಸುಸ್ಸೆಂದು ಗಾಳಿ ಹೋಗುವ ಸದ್ದು ಅಡುಗೆಮನೆಯವರೆಗೂ ಕೇಳಿಸಿತು.

ಬೆಳಿಗ್ಗೆ, ಇನ್ನೂ ಮಬ್ಬಿರುವಾಗ, ದೊಡ್ಡವಳು ಕಂಪ್ರೆಸರು ಹಾಕಿ, ಮೆದುಗೊಳವೆ ಎಳೆದುಕೊಂಡು ಅಂಗಳ ಸುತ್ತಿದಳು. ರಿಪೇರಿಗೆ ಬಂದು ನಿಂತ ಟ್ರ್ಯಾಕ್ಟರು, ಪಕ್ಕದವರ ವ್ಯಾನು, ಆಮೇಲೆ ಅಳಿಯನ ಕಾರು. ಹಿಂದಿನ ಎಡ ಟೈರಿಗೆ ಕೈಯಿಟ್ಟಳು. ಮೆತ್ತಗಿತ್ತು. ಕೂತಳು, ವಾಲ್ವಿನ ಮುಚ್ಚಳ ತಿರುವಿದಳು, ಗಾಳಿ ಬಿಟ್ಟಳು. ಸದ್ದು ಮೂವತ್ತೆರಡಕ್ಕೆ ಬಂದು ನಿಂತಿತು. ಮುಚ್ಚಳ ಹಾಕುವಾಗ, ಅದು ಅಪ್ಪ ರೇಸಿಗೆಂದೇ ಇಳಿಸಿದ ಗಾಳಿ ಎಂದು ನೆನಪಾಯಿತು.

ಒಳಗೆ ಬಚ್ಚಲಿನಲ್ಲಿ ಅಳಿಯ ಮುಖ ತೊಳೆಯುತ್ತಿದ್ದ ಸದ್ದು. ಅಪ್ಪ ಏನೋ ಹೇಳಿ ನಗುತ್ತಿದ್ದ. ಅವಳು ಕುಕ್ಕರಗಾಲಲ್ಲೇ ಕೂತಿದ್ದಳು. ತುಂಬಿದ್ದನ್ನು ಇಳಿಸಬಹುದಿತ್ತು, ಮುಚ್ಚಳ ತೆಗೆದು ಉಗುರಿನಿಂದ ಒತ್ತಿದರೆ ಮುಗಿಯಿತು. ಇಲ್ಲವೇ ಒಳಗೆ ಹೋಗಿ, ಮರೆತು ತುಂಬಿಬಿಟ್ಟೆ ಎನ್ನಬಹುದಿತ್ತು, ಎಲ್ಲರೂ ನಗುತ್ತಿದ್ದರು. ಒಂದು ಗಟ್ಟಿ ಒಂದು ಮೆತ್ತಗೆ ಇದ್ದರೆ ಕಾರು ಒಂದು ಮಗ್ಗುಲಿಗೆ ಎಳೆದು ಅಪಾಯವಾದೀತು ಎಂದು ತನಗೆ ತಾನೇ ಹೇಳಿಕೊಂಡಳು. ಎದ್ದು ಆಚೆಬದಿಗೆ ಹೋಗಿ ಬಲಗಡೆಯ ಟೈರಿಗೂ ಮೂವತ್ತೆರಡು ತುಂಬಿದಳು.

ಮೊದಲನೆಯದನ್ನು ತುಂಬಿದ್ದು ಕೈಯ ರೂಢಿ. ಎರಡನೆಯದನ್ನು ತುಂಬಿದ್ದು ಅವಳು.

ಗೇಟು ತೆಗೆದಳು. ಮಬ್ಬಿನಲ್ಲಿ ಕಾರು ದಾಟಿ ಹೋಯಿತು. ಮುಂದಿನ ಸೀಟಿನಿಂದ ಅಪ್ಪ ಕೈಯೆತ್ತಿದ.

ಮಧ್ಯಾಹ್ನ ಅವರು ಬಂದಾಗ ಕಾರಿನ ಸದ್ದಿನಿಂದಲೇ ಸೋತಿದ್ದು ತಿಳಿಯಿತು. ಹಸಿರು ದೀಪಕ್ಕೆ ಚಕ್ರ ನಿಂತಲ್ಲೇ ತಿರುಗಿ, ಹೊಗೆಯೆದ್ದು, ನೋಡಿದವರು ನಕ್ಕಿದ್ದರು. ಟೈರು ಆರಿದ ಮೇಲೆ ಅಳಿಯ ಪಕ್ಕದವನ ಗೇಜು ಇಸಕೊಂಡು ಹಿಡಿದಿದ್ದ: ಮೂವತ್ತೆರಡು. ಅಪ್ಪ ತನ್ನ ಹಿತ್ತಾಳೆಯ ಗೇಜು ಹಿಡಿದಿದ್ದ. ಅದೂ ಮೂವತ್ತೆರಡು.

ಅಪ್ಪ ಕೈಕಾಲು ತೊಳೆಯದೆ ನೇರ ಅಡುಗೆಮನೆಯ ಬಾಗಿಲಿಗೆ ಬಂದ.

“ಬೆಳಿಗ್ಗೆ ನೀನೇನಾದ್ರೂ ಗಾಳಿ ಹಾಕಿದ್ಯಾ?”

ಅಮ್ಮ, ಚಿಕ್ಕವಳು, ಅವನ ಹಿಂದೆ ಅಳಿಯ. ಎಲ್ಲರೂ ಅವಳನ್ನೇ ನೋಡಿದರು.

“ಇಲ್ಲಪ್ಪ. ರೇಸಿನ ಗಾಡಿ ಅಂತ ಗೊತ್ತಿತ್ತಲ್ಲ.”

ಅಪ್ಪ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರಸಿ, ಬೆಳಕಿಗೆ ಹಿಡಿದು ನೋಡಿ, ಹಾಕಿಕೊಳ್ಳದೆ ಜೇಬಿಗಿಟ್ಟ. “ಹಾಗಾದ್ರೆ ನಿನ್ನೆ ಗೇಜು ಓದಿದ ನನ್ನ ಕಣ್ಣೇ ತಪ್ಪಿದ್ದು,” ಎಂದ.

ಆ ವಾರ ಅಪ್ಪ ಅಂಗಡಿಗೆ ಬಂದರೂ ಕುರ್ಚಿ ಬಿಟ್ಟು ಏಳಲಿಲ್ಲ. ಟ್ರೇಲರಿನವರು ಬಂದರೆ ಅವಳನ್ನು ಕೂಗುತ್ತಿದ್ದ. ಚಹಾದ ಲೋಟ ಹಿಡಿಯುವಾಗಲೂ ಅಂದಾಜಿಸಿದಂತೆ ಕೈ ಚಾಚುತ್ತಿದ್ದ. ಕಣ್ಣು ಸರಿಯಿದ್ದವನು ಕಣ್ಣಿಲ್ಲದವನಂತೆ ನಡೆಯತೊಡಗಿದ. ಲಿವರು ಹಿಡಿದು ಬನ್ನಿ ಎಂದು ಅವಳು ಕರೆದರೆ, ನನ್ನಿಂದ ನಿನ್ನ ಬೆರಳು ಜಜ್ಜಿಹೋದೀತು, ಬೇಡ ಎಂದ. ಅವಳು ಒಂದು ಲಿವರನ್ನು ಮಂಡಿಯ ಕೆಳಗಿಟ್ಟುಕೊಂಡಳು.

ಗುರುವಾರ ಮೊಟ್ಟೆಯ ಟ್ರೇ ಇಳಿಸುತ್ತಿದ್ದ ಅಳಿಯ, ಅವಳೊಬ್ಬಳೇ ಇದ್ದುದನ್ನು ನೋಡಿ ಹತ್ತಿರ ಬಂದ.

“ಶನಿವಾರ ಸಂಜೆ ಗಾಳಿ ಹೋಗೋ ಸದ್ದು ನಾನೂ ಕೇಳಿದ್ದೀನಿ ಅಕ್ಕ. ಬೆಳಿಗ್ಗೆ ಬಚ್ಚಲಲ್ಲಿದ್ದಾಗ ಗಾಳಿ ತುಂಬೋ ಸದ್ದೂ ಕೇಳ್ತು. ವ್ಯಾನಿಗೆ ಅಂದ್ಕೊಂಡೆ.”

ಅವಳು ಪ್ಯಾಚು ಉಜ್ಜುತ್ತಲೇ ಇದ್ದಳು.

“ಎರಡೂ ಒಂದೇ ಸಮ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಹಾಗೆ ತುಂಬೋರು ಈ ಮನೇಲಿ ಯಾರು ಅಂತ ನನಗೆ ಗೊತ್ತಿಲ್ವಾ?”

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಮಾವ ನಿಮ್ಮನ್ನ ಕೇಳಿದ್ರು, ನೀವು ಇಲ್ಲ ಅಂದ್ರಿ. ಹೊರಗಿಂದ ಬಂದವನು ನಾನು, ಮಧ್ಯೆ ಬಾಯಿ ಹಾಕೋದಾ? ರೇಸು ಹೋದ್ರೆ ಹೋಗ್ಲಿ. ಅವರು ಗೋಡೆ ಹಿಡ್ಕೊಂಡು ನಡೀತಿದ್ದಾರೆ. ನೀವೇ ಹೇಳಿಬಿಡಿ.”

ಅವನು ಸಿಟ್ಟು ಮಾಡಿದ್ದರೆ ಅವಳಿಗೆ ಸಲೀಸಾಗುತ್ತಿತ್ತು. ನಾಲ್ಕು ಮಾತು ಅವಳೂ ಆಡುತ್ತಿದ್ದಳು. ಅಂಗಡಿ, ಇಸ್ತ್ರಿಯ ಅಂಗಿ, ತಟ್ಟೆಯ ಮೇಲಿನ ಮೊಟ್ಟೆ, ಎಲ್ಲ ಹೊರಬರುತ್ತಿತ್ತು. ಅವನು ಬರಿದಾದ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಒಳಗೆ ಹೋದ.

ಕಟಾವು ಮುಗಿದ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಅಪ್ಪ ಕೈತೊಳೆಯುವ ಮೊದಲು ಜೇಬಿನಿಂದ ಹಿತ್ತಾಳೆಯ ಗೇಜು ತೆಗೆದು ದೊಡ್ಡವಳ ತಟ್ಟೆಯ ಪಕ್ಕ ಇಟ್ಟ. ಇನ್ನು ಇದನ್ನು ಓದುವ ಕೆಲಸ ನಿನ್ನದು ಎಂದ.

ಅವಳು ಅದನ್ನು ಮುಟ್ಟಲಿಲ್ಲ.

“ಅಪ್ಪ, ನಿಮ್ಮ ಕಣ್ಣು ಸರಿಯಾಗೇ ಇದೆ. ಅವತ್ತು ಗಾಳಿ ತುಂಬಿದ್ದು ನಾನು.”

ಅಮ್ಮನ ಕೈಯ ಸೌಟು ನಿಂತಿತು. ಅಪ್ಪ ಅವಳ ಮುಖವನ್ನು ದಿಟ್ಟಿಸಿ ನೋಡಿದ. ಅವನ ಮುಖ ಗಂಟಾಗುತ್ತದೆಂದು ಅವಳು ಕಾದಳು. ಅದು ಗಂಟಾಗಲಿಲ್ಲ, ಮೆಲ್ಲಗೆ ಸಡಿಲವಾಯಿತು.

“ನನ್ನ ಮರ್ಯಾದೆ ಉಳಿಸೋಕೆ ಸುಳ್ಳು ಹೇಳ್ತೀಯಾ ಹುಡುಗಿ?”

“ಸುಳ್ಳಲ್ಲ—”

“ಅವತ್ತು ಕೇಳಿದಾಗ ಇಲ್ಲ ಅಂದ್ಯಲ್ಲ. ಹುಟ್ಟಿದಾಗಿನಿಂದ ನನಗೆ ಒಂದು ಸುಳ್ಳು ಹೇಳಿದವಳಲ್ಲ ನೀನು. ಇವತ್ತು ಅಪ್ಪ ಕುಗ್ಗಿದ್ದಾನೆ ಅಂತ ತಪ್ಪನ್ನ ನಿನ್ನ ತಲೆಗೆ ಕಟ್ಕೋತಿದ್ದೀಯ.” ಅವನ ದನಿ ಒದ್ದೆಯಾಗಿತ್ತು. ಅಮ್ಮನ ಕಡೆ ತಿರುಗಿದ. “ನೋಡಿದ್ಯೇನೇ? ಹೊಟ್ಟೇಲಿ ಹುಟ್ಟಿದೋರಿಗೂ ಬಂದು ಸೇರಿದೋರಿಗೂ ಇಷ್ಟೇ ವ್ಯತ್ಯಾಸ. ಅಳಿಯ ಬಾಯಿಬಿಟ್ಟು ಏನೂ ಅನ್ಲಿಲ್ಲ, ನಿಜ. ಆದ್ರೆ ನಿಮ್ಮ ಕಣ್ಣು ಸರಿಯಿದೆ ಮಾವ ಅಂತ ಒಂದು ಮಾತೂ ಹೇಳ್ಲಿಲ್ಲ.”

ಅಂಗಡಿಯನ್ನು ದೊಡ್ಡವಳೇ ನೋಡಿಕೊಳ್ಳಲಿ ಎಂದ. ಅಳಿಯನಿಗೆ ಅವನ ಮೊಟ್ಟೆಯ ಕೆಲಸ ಇದ್ದೇ ಇದೆ, ಅದನ್ನು ಬಿಡುವುದು ಬೇಡ ಎಂದ. ಚಿಕ್ಕವಳು ಬಾಯಿ ತೆರೆದವಳು ಗಂಡನ ಮುಖ ನೋಡಿ ಮುಚ್ಚಿದಳು.

ಅಳಿಯ ತಲೆಯೆತ್ತಿ ದೊಡ್ಡವಳನ್ನು ನೋಡಿದ. ಅವಳು ಇನ್ನೊಂದು ಮಾತು ಆಡಬೇಕಿತ್ತು. ಅಳಿಯನನ್ನು ತೋರಿಸಿ, ಇವರನ್ನೇ ಕೇಳಿ, ಇವರಿಗೆ ಗೊತ್ತು ಎಂದರೆ ಸಾಕಿತ್ತು. ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಅಷ್ಟರಲ್ಲಿ ಗೇಜನ್ನು ಎತ್ತಿ ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. ಅವನ ಜೇಬಿನ ಬಿಸಿ ಹಿತ್ತಾಳೆಯಲ್ಲಿ ಇನ್ನೂ ಇತ್ತು. ಅವಳು ಬೆರಳು ಬಿಡಿಸಲಿಲ್ಲ.

ಅಳಿಯ ನೀರಿನ ಲೋಟ ಮುಂದಕ್ಕೆಳೆದುಕೊಂಡು, ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಎರಡು ಹೋಳು ಮಾಡಿ, ನಿಧಾನವಾಗಿ ತಿಂದ.

ಮರುದಿನದಿಂದ ಅಪ್ಪ ಲಿವರಿಗೆ ಕೈ ಕೊಡತೊಡಗಿದ. ಮಗಳು ಎದುರಿಗಿದ್ದರೆ ಕಣ್ಣಿನ ಹಂಗಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನು ಉಸಿರೆಳೆದಾಗ ಅವಳು ಎತ್ತುತ್ತಿದ್ದಳು.

ಮುಂದಿನ ರೇಸಿನ ಹಿಂದಿನ ಸಂಜೆ ಅಳಿಯ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ.

“ಅಕ್ಕ, ಗಾಳಿ ಇಳಿಸಿ ಕೊಡ್ತೀರಾ?”

ಅವಳು ಕುಕ್ಕರಗಾಲಲ್ಲಿ ಕೂತು, ಹಿತ್ತಾಳೆಯ ಗೇಜು ಹಿಡಿದು, ಎಡಗಡೆಯದನ್ನು ಹದಿನೆಂಟಕ್ಕೆ ಇಳಿಸಿದಳು. ಎದ್ದು ಬಲಗಡೆಯದಕ್ಕೆ ಹೋದಳು. ಅದನ್ನೂ ಇಳಿಸಿ ಮುಚ್ಚಳ ಹಾಕಿ, ಆಯಿತು ಎಂದಳು. ಜಗಲಿಯ ಮೇಲಿಂದ ಅಪ್ಪ, ಅವಳ ಕೈ ಬಿದ್ದ ಮೇಲೆ ಇನ್ನೇನು ನೋಡುವುದಿದೆ ಹೊರಡು ಎಂದು ನಗುತ್ತ ಒಳಗೆ ಹೋದ.

ಅವನು ಮರೆಯಾಗುವವರೆಗೆ ಅಳಿಯ ಕಾದ. ಆಮೇಲೆ ಪ್ಯಾಂಟಿನ ಜೇಬಿನಿಂದ ಪೇಟೆಯಲ್ಲಿ ಕೊಂಡ ಹೊಸ ಗೇಜೊಂದನ್ನು ತೆಗೆದ. ಅವಳ ಎದುರಿಗೇ ಮಂಡಿಯೂರಿ, ಅವಳು ಹಾಕಿದ ಮುಚ್ಚಳ ತಿರುವಿ, ಅಳೆದ. ಮುಳ್ಳು ಹದಿನೆಂಟರಲ್ಲಿ ನಿಂತಿತು.

“ಸರಿಯಿದೆ ಅಕ್ಕ,” ಎಂದ, ಮೊದಲಿನಷ್ಟೇ ಮರ್ಯಾದೆಯಿಂದ.

ಎದ್ದು, ಮಂಡಿಯ ಮಣ್ಣು ಕೊಡವಿಕೊಂಡು, ಇನ್ನೊಂದು ಟೈರಿನ ಕಡೆಗೆ ಹೋದ.